ಬೆಟ್ಟದ ಪೂರ್ವಚರಿತ್ರೆ



1978ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಒಂದು ತೆಳು ಪುಸ್ತಿಕೆಯನ್ನು ಅಚ್ಚು ಹಾಕಿಸಿತು. ಸರ್ಕಾರಿ ಪ್ರಕಟಣೆಗಳಿಗೆ ಇರುವ ಹಾಗೆ ಅದಕ್ಕೂ ಒಂದು ನಂಬರು: ಬುಲೆಟಿನ್ 1383-ಸಿ. ಬರೆದವರು ಡ್ವೈಟ್ ಕ್ರ್ಯಾಂಡೆಲ್ ಮತ್ತು ಡೊನಾಲ್ ಮಲಿನೋ ಎಂಬ ಇಬ್ಬರು ಭೂವಿಜ್ಞಾನಿಗಳು. ವಾಯವ್ಯ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿರುವ ಸೇಂಟ್ ಹೆಲೆನ್ಸ್ ಎಂಬ ಜ್ವಾಲಾಮುಖಿ ಮುಂದೆ ಸಿಡಿದರೆ ಎಲ್ಲೆಲ್ಲಿ ಏನೇನಾಗಬಹುದು ಎಂಬುದು ಅದರ ವಿಷಯ.

ಆ ಬೆಟ್ಟ ಕೊನೆಯ ಸಲ ಬೂದಿ ಉಗುಳಿದ್ದು 1857ರಲ್ಲಿ. ಅದನ್ನು ಕಣ್ಣಾರೆ ಕಂಡವರು ಯಾರೂ ಬದುಕಿರಲಿಲ್ಲ. ಹಿಮ ಹೊದ್ದ ಅದರ ನುಣುಪಾದ ಶಿಖರವನ್ನು ನೋಡಿ ಜನ ಅದಕ್ಕೆ ಅಮೆರಿಕದ ಫ್ಯೂಜಿ ಎಂದು ಹೆಸರಿಟ್ಟಿದ್ದರು. ಉತ್ತರದ ಬುಡದಲ್ಲಿ ಸ್ಪಿರಿಟ್ ಲೇಕ್ ಎಂಬ ಸರೋವರ, ಅದರ ದಂಡೆಯಲ್ಲಿ ವಸತಿಗೃಹಗಳು, ಬೇಸಗೆ ಶಿಬಿರಗಳು, ದೋಣಿಗಳು. ಅಂಥ ಬೆಟ್ಟವನ್ನು ಕುರಿತು ಈ ಇಬ್ಬರು, ಮುಂದಿನ ನೂರು ವರ್ಷಗಳೊಳಗೆ, ಬಹುಶಃ ಈ ಶತಮಾನ ಮುಗಿಯುವ ಮೊದಲೇ ಇದು ಮತ್ತೆ ಸಿಡಿಯಬಹುದು ಎಂದು ಬರೆದರು. ಇದೇ ಮಾತನ್ನು ಮೂರು ವರ್ಷ ಮೊದಲು, 1975ರಲ್ಲಿ, ಮೇಯರ್ ರೂಬಿನ್ ಅವರೊಂದಿಗೆ ಸೇರಿ 'ಸೈನ್ಸ್' ಪತ್ರಿಕೆಯಲ್ಲೂ ಹೇಳಿದ್ದರು. ಪುಸ್ತಿಕೆ ಹೊರಬಂದು ಎರಡು ವರ್ಷವಾಗುವಷ್ಟರಲ್ಲಿ, 1980ರ ಮೇ 18ರಂದು, ಆ ಬೆಟ್ಟದ ನೆತ್ತಿಯೇ ಹಾರಿಹೋಯಿತು.

ಇದು ಭವಿಷ್ಯವಾಣಿಯಲ್ಲ, ಅದೃಷ್ಟದ ಊಹೆಯೂ ಅಲ್ಲ. ಹಾಗಾದರೆ ಅವರಿಗೆ ಗೊತ್ತಾದದ್ದು ಹೇಗೆ? ಈ ಹೊತ್ತು ನಾನು ಹೇಳಹೊರಟಿರುವುದು ಅದನ್ನೇ. ಬಹುಮಟ್ಟಿಗೆ ಇದು ಕ್ರ್ಯಾಂಡೆಲ್ ಅವರ ವೃತ್ತಿಜೀವನದ ಕಥೆ; ಮಲಿನೋ ಅವರನ್ನು ಬಿಟ್ಟು ಆ ಕಥೆ ಹೇಳಲು ಬರುವುದಿಲ್ಲ.

ಕ್ರ್ಯಾಂಡೆಲ್ ಹುಟ್ಟಿದ್ದು 1923ರಲ್ಲಿ, ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗ್‌ನಲ್ಲಿ. ಜೋಳ ಬೆಳೆಯುವ ಸಪಾಟು ನೆಲ. ಜ್ವಾಲಾಮುಖಿಯ ಮಾತಿರಲಿ, ಹೇಳಿಕೊಳ್ಳುವಂಥ ಗುಡ್ಡವೂ ಇಲ್ಲ. ಯೇಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿ ಅವರು ಸಮೀಕ್ಷಾ ಸಂಸ್ಥೆಯ ಕೆಲಸಕ್ಕೆ ನಿಂತರು. ಸ್ನೇಹಿತರು ಅವರನ್ನು ಕರೆಯುತ್ತಿದ್ದದ್ದು 'ರಾಕಿ' ಎಂದು. ಅವರ ಮೊದಲ ಕೆಲಸ ದಕ್ಷಿಣ ಡಕೋಟಾದ ಬಯಲಿನಲ್ಲಿ, ಹಿಮಯುಗದ ಹಿಮನದಿಗಳು ಬಿಟ್ಟುಹೋದ ಮಣ್ಣು ಕಲ್ಲುಗಳ ನಕ್ಷೆ ತಯಾರಿಸುವುದು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅವರು ಜ್ವಾಲಾಮುಖಿ ತಜ್ಞರಾಗಿ ತಯಾರಾದವರೇ ಅಲ್ಲ. ಆ ಕಾಲದಲ್ಲಿ ಜ್ವಾಲಾಮುಖಿಯನ್ನು ಅಧ್ಯಯನ ಮಾಡುವವರು ಹೆಚ್ಚಾಗಿ ಗಟ್ಟಿ ಶಿಲೆಯ ಹಿಂದೆ ಹೋಗುತ್ತಿದ್ದರು. ಲಾವಾ ಕಲ್ಲನ್ನು ಒಡೆದು, ತೆಳ್ಳಗೆ ಸೀಳಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಹರಳುಗಳನ್ನು ನೋಡುವುದು ಅವರ ಕಸುಬು. ಆ ಗಟ್ಟಿ ಕಲ್ಲನ್ನು ತಲುಪಲು ಬೆಟ್ಟದ ಬುಡದ ಸಡಿಲ ಮಣ್ಣನ್ನು, ಜಲ್ಲಿಯನ್ನು, ಬೂದಿಯನ್ನು ತುಳಿದುಕೊಂಡೇ ಹೋಗಬೇಕಿತ್ತು. ಕ್ರ್ಯಾಂಡೆಲ್ ಕಲಿತದ್ದು ಅಂಥ ಸಡಿಲ ಮಣ್ಣನ್ನೇ. ಬೇರೆಯವರು ತುಳಿದು ದಾಟಿಹೋದ ಕಡೆ ಇವರು ಕೂತು ನೋಡಿದರು.

ಐವತ್ತರ ದಶಕದ ಆರಂಭದಲ್ಲಿ ಅವರಿಗೆ ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ತಗ್ಗುಪ್ರದೇಶದ ಕೆಲಸ ಬಂತು. ಸಿಯಾಟಲ್, ಟಕೋಮಾ ನಗರಗಳು ಬೆಳೆಯುತ್ತಿದ್ದ ಕಾಲ. ಕಟ್ಟಡ, ರಸ್ತೆ ಕಟ್ಟುವವರಿಗೆ ನೆಲದ ಗುಣ ತಿಳಿಯಬೇಕು, ಅದಕ್ಕೊಂದು ನಕ್ಷೆ ಬೇಕು. ಅಲ್ಲಿ ಇನಮ್‌ಕ್ಲಾ ಮತ್ತು ಬಕ್ಲಿ ಎಂಬ ಊರುಗಳ ಸುತ್ತ ಹಸು ಮೇಯುವ ವಿಶಾಲವಾದ ಸಪಾಟು ನೆಲವಿದೆ. ಆ ನೆಲದ ಅಡಿಯ ಜೇಡಿ ಮತ್ತು ಕಲ್ಲಿನ ಮಿಶ್ರಣವನ್ನು 1898ರಲ್ಲಿ ಬೇಲಿ ವಿಲ್ಲಿಸ್ ಎಂಬ ಹೆಸರಾಂತ ಭೂವಿಜ್ಞಾನಿ ಹಿಮನದಿಯ ನಿಕ್ಷೇಪ ಎಂದು ಗುರುತಿಸಿ, ಆಸಿಯೋಲಾ ಎಂದು ಹೆಸರಿಟ್ಟಿದ್ದರು. ಅಲ್ಲಿಂದ ಅರ್ಧ ಶತಮಾನ ಎಲ್ಲರೂ ಅದನ್ನೇ ಒಪ್ಪಿಕೊಂಡು ಬಂದಿದ್ದರು.

ಹಿಮನದಿಯ ಮಣ್ಣನ್ನೇ ನೋಡಿ ಪಳಗಿದ್ದ ಕ್ರ್ಯಾಂಡೆಲ್ ಅವರಿಗೆ ಇದು ಹಿಮನದಿಯದ್ದು ಅನ್ನಿಸಲಿಲ್ಲ. ಕೆನಡಾ ಕಡೆಯಿಂದ ಇಳಿದುಬಂದ ಹಿಮ ತನ್ನ ಜೊತೆ ಉತ್ತರದ ಗ್ರ್ಯಾನೈಟ್ ಮೊದಲಾದ ಬಗೆಬಗೆಯ ಕಲ್ಲುಗಳನ್ನು ತಂದಿರಬೇಕು. ಇಲ್ಲಿಯ ಕಲ್ಲುಗಳಾದರೋ ಬಹುಪಾಲು ಒಂದೇ ಕುಲದವು, ಅಷ್ಟು ದೂರದಲ್ಲಿ ಕಾಣುವ ರೇನಿಯರ್ ಜ್ವಾಲಾಮುಖಿಯವು. ನಡುವೆ ಮರದ ತುಂಡುಗಳು ಸಿಕ್ಕಿಕೊಂಡಿದ್ದವು. ಮೇಲ್ಮೈ ಮಟ್ಟಸ ಹಾಕಿದ ಹಾಗೆ ಸಪಾಟಾಗಿತ್ತು. ಅವರೂ ಹೊವರ್ಡ್ ವಾಲ್ಡ್ರನ್ ಎಂಬ ಸಹೋದ್ಯೋಗಿಯೂ ಆ ಮಣ್ಣಿನ ಜಾಡು ಹಿಡಿದು ವೈಟ್ ನದಿಯ ಕಣಿವೆಯಲ್ಲಿ ಮೇಲೆ ಮೇಲೆ ಹೋದರು. ಜಾಡು ಹೋಗಿ ನಿಂತದ್ದು 4,392 ಮೀಟರ್ ಎತ್ತರದ ರೇನಿಯರ್ ಬೆಟ್ಟದಲ್ಲಿ.

1956ರಲ್ಲಿ ಇಬ್ಬರೂ ಸೇರಿ ಇದನ್ನು ಪ್ರಕಟಿಸಿದರು. ಈಗಿನ ಲೆಕ್ಕದಲ್ಲಿ ಸುಮಾರು 5,600 ವರ್ಷಗಳ ಹಿಂದೆ ರೇನಿಯರ್‌ನ ಶಿಖರಭಾಗವೇ ಕುಸಿಯಿತು. ಬೆಟ್ಟದೊಳಗಿನ ಆಮ್ಲೀಯ ಬಿಸಿನೀರು, ಅನಿಲಗಳು ಸಾವಿರಾರು ವರ್ಷ ತಿಂದು ತಿಂದು ಅಲ್ಲಿಯ ಗಟ್ಟಿ ಕಲ್ಲನ್ನು ಜೇಡಿಯಾಗಿ ಮಾಡಿದ್ದವು. ಕುಸಿದದ್ದೆಲ್ಲ ನೀರಿನೊಂದಿಗೆ ಕಲಸಿ, ಸುರಿಯಲು ಹದವಾದ ಕಾಂಕ್ರೀಟಿನಂತೆ ಮಂದವಾಗಿ, ಬಂಡೆ ಮರಗಳನ್ನು ಹೊತ್ತು, ಕಣಿವೆ ಹಿಡಿದು ನೂರು ಕಿಲೋಮೀಟರಿಗೂ ಹೆಚ್ಚು ದೂರ ಹರಿದು ಸಮುದ್ರ ಸೇರಿತು. ಇಂಥ ಪ್ರವಾಹಕ್ಕೆ ಇಂಡೊನೇಷ್ಯಾದ ಜನ ಬಳಸುವ 'ಲಹಾರ್' ಎಂಬ ಹೆಸರೇ ಈಗ ವಿಜ್ಞಾನದಲ್ಲೂ ನಿಂತಿದೆ. ಆಸಿಯೋಲಾ ಪ್ರವಾಹದ ಗಾತ್ರ 3.8 ಘನ ಕಿಲೋಮೀಟರ್ ಎಂದು ಆಮೇಲಿನ ಸಂಶೋಧಕರು ಅಳೆದಿದ್ದಾರೆ. ಅದರ ಮೇಲೆಯೇ ಊರುಗಳು ಎದ್ದಿದ್ದವು, ಶಾಲೆಗಳು ನಡೆಯುತ್ತಿದ್ದವು. ಬುಡದಲ್ಲಿರುವುದು ಏನೆಂದು ಯಾರಿಗೂ ಗೊತ್ತಿರಲಿಲ್ಲ.

ಇಲ್ಲಿಂದ ಅವರ ಕಸುಬಿನ ದಿಕ್ಕು ಬದಲಾಯಿತು. ರೇನಿಯರ್‌ನ ಒಂದೊಂದೇ ಕಣಿವೆ ಹೊಕ್ಕು ನೋಡಿದಾಗ ಇಂಥ ಪ್ರವಾಹ ಒಂದಲ್ಲ, ಹತ್ತಾರು ಎಂದು ತಿಳಿಯಿತು. ಅವುಗಳಲ್ಲಿ ಎಲೆಕ್ಟ್ರಾನ್ ಎಂಬ ಊರಿನ ಹೆಸರು ಹೊತ್ತ ಪ್ರವಾಹ ಬಂದು ಸುಮಾರು 500 ವರ್ಷಗಳಾಗಿವೆ, ಅಷ್ಟೆ. ಅದಕ್ಕೆ ಕಾರಣವಾಗುವಂಥ ದೊಡ್ಡ ಸ್ಫೋಟದ ಗುರುತೂ ಇಲ್ಲ. ಅಂದರೆ ಬೆಂಕಿಯಿಲ್ಲದೆಯೂ ಬೆಟ್ಟದ ಮಗ್ಗುಲು ಕಳಚಿ ಬರಬಲ್ಲದು. ಅದು ಬಂದು ಮಲಗಿದ ಕಣಿವೆಯ ಮೇಲೆ ಇಂದು ಆರ್ಟಿಂಗ್ ಎಂಬ ಪಟ್ಟಣವಿದೆ. ಅಲ್ಲಿ ಹೊಸ ಮನೆಗಳಿಗಾಗಿ ನೆಲ ಅಗೆದಾಗ ಕೆಸರಿನಲ್ಲಿ ಹೂತುಹೋದ ಹಳೆಯ ಕಾಡಿನ ಭಾರಿ ಬೊಡ್ಡೆಗಳು ನಿಂತಲ್ಲೇ ಸಿಕ್ಕವು.

ಈಗ ಸೇಂಟ್ ಹೆಲೆನ್ಸ್‌ಗೆ ಬರೋಣ. ಅರವತ್ತರ, ಎಪ್ಪತ್ತರ ದಶಕಗಳಲ್ಲಿ ಬೇಸಗೆ ಬಂದರೆ ಸಾಕು, ಕ್ರ್ಯಾಂಡೆಲ್ ಮತ್ತು ಮಲಿನೋ ಕಾಸ್ಕೇಡ್ ಪರ್ವತಶ್ರೇಣಿಯ ಜ್ವಾಲಾಮುಖಿಗಳ ಬುಡಕ್ಕೆ ಹೋಗುತ್ತಿದ್ದರು. ಇಬ್ಬರೂ ಕೆಲಸ ಹಂಚಿಕೊಂಡಿದ್ದರು. ನೆಲದ ಮೇಲೆ ಹರಿದು ಬಂದದ್ದೆಲ್ಲ, ಅಂದರೆ ಲಹಾರ್ ಮತ್ತು ಬಿಸಿ ಬೂದಿಯ ಪ್ರವಾಹಗಳು, ಕ್ರ್ಯಾಂಡೆಲ್ ಅವರ ಪಾಲು. ಆಕಾಶದಿಂದ ಉದುರಿದ್ದೆಲ್ಲ, ಅಂದರೆ ಬೂದಿ ಮತ್ತು ಪ್ಯೂಮಿಸ್ ಎಂಬ ಹಗುರವಾದ ನೊರೆಗಲ್ಲು, ಮಲಿನೋ ಅವರ ಪಾಲು.

ಕೆಲಸ ಹೇಗಿರುತ್ತದೆ ಎಂದರೆ, ಹಳ್ಳ ಕೊರೆದ ದಂಡೆಯೋ ರಸ್ತೆಗೆ ಕಡಿದ ಗೋಡೆಯೋ ಸಿಕ್ಕಬೇಕು. ಸಲಿಕೆಯಿಂದ ಮೇಲಿನ ಹುಡಿ ಮಣ್ಣನ್ನು ಕೆರೆದು ತೆಗೆದರೆ ಪದರಗಳು ಕಾಣುತ್ತವೆ. ಕೆಳಗೆ ಬೂದು ಬಣ್ಣದ ಮರಳು ಮತ್ತು ಮೂಲೆ ಚೂಪಾದ ಕಲ್ಲುಗಳ ದಪ್ಪ ಪದರ. ಅದರ ಮೇಲೆ ಗೇಣುದ್ದ ಕಂದು ಮಣ್ಣು, ಅದರಲ್ಲಿ ಹಳೆಯ ಬೇರುಗಳ ಗುರುತು. ಅದರ ಮೇಲೆ ಹಳದಿ ನೊರೆಗಲ್ಲು, ಬೆರಳಲ್ಲಿ ಒತ್ತಿದರೆ ಪುಡಿಯಾಗುವಂಥದ್ದು. ಮತ್ತೆ ಕಂದು ಮಣ್ಣು. ಮತ್ತೆ ಬೂದಿ. ನೋಡುವವನು ಇಲ್ಲಿ ಬೂದಿಗೆ ಕೊಡುವಷ್ಟೇ ಬೆಲೆಯನ್ನು ಆ ಕಂದು ಮಣ್ಣಿಗೂ ಕೊಡಬೇಕು. ಎರಡು ಸ್ಫೋಟಗಳ ನಡುವೆ ಕಾಡು ಬೆಳೆದು, ಎಲೆ ಕೊಳೆತು ಮಣ್ಣಾಗುವಷ್ಟು ಕಾಲ ಬೆಟ್ಟ ಸುಮ್ಮನಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಪದರದೊಳಗೆ ಮರದ ತುಂಡು ಸಿಕ್ಕಿತು ಅನ್ನಿ. ಅದು ಹಸಿಯಾಗಿಯೇ ಹೂತು ಕೊಳೆತದ್ದಾದರೆ ಬಂದದ್ದು ಬಹುಶಃ ಲಹಾರ್. ಒಳಗಿನ ತಿರುಳಿನವರೆಗೆ ಸುಟ್ಟು ಇದ್ದಿಲಾಗಿದ್ದರೆ ಬಂದದ್ದು ನೂರಾರು ಡಿಗ್ರಿ ಬಿಸಿಯಾದ ಬೂದಿಯ ಪ್ರವಾಹ. ಮರ ಸಿಗದಿದ್ದರೆ? ಅವರ ಜೊತೆ ಕೆಲಸ ಮಾಡಿದ ರಿಚರ್ಡ್ ಹಾಬ್ಲಿಟ್ ಅದಕ್ಕೂ ಒಂದು ದಾರಿ ಹಿಡಿದರು. ಬಿಸಿ ಕಲ್ಲು ಆರುವಾಗ ಅದರೊಳಗಿನ ಕಬ್ಬಿಣದ ಕಣಗಳು ಭೂಮಿಯ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಒಂದು ಪದರದ ಎಲ್ಲ ಕಲ್ಲುಗಳ ಕಾಂತದಿಕ್ಕೂ ಒಂದೇ ಆಗಿದ್ದರೆ ಅವು ಬಿಸಿಯಾಗಿಯೇ ಬಂದು ಅಲ್ಲೇ ಆರಿದವು. ಒಂದೊಂದು ಒಂದೊಂದು ಕಡೆ ತಿರುಗಿದ್ದರೆ ಬರುವ ಮೊದಲೇ ಆರಿದ್ದವು.

ಕಾಲನಿರ್ಣಯಕ್ಕೆ ಆಸರೆಯಾದದ್ದು ಅದೇ ಇದ್ದಿಲು. ಜೀವವಿದ್ದಾಗ ಮರ ಗಾಳಿಯಿಂದ ಪಡೆದ ರೇಡಿಯೋಕಾರ್ಬನ್ ಅದು ಸತ್ತಮೇಲೆ ಕರಗುತ್ತಾ ಹೋಗುತ್ತದೆ. ಸುಮಾರು 5,730 ವರ್ಷಕ್ಕೆ ಅರ್ಧದಷ್ಟಾಗುತ್ತದೆ. ಉಳಿದದ್ದನ್ನು ಅಳೆದರೆ ಮರ ಸತ್ತ ಕಾಲ, ಅಂದರೆ ಸ್ಫೋಟದ ಕಾಲ ತಿಳಿಯುತ್ತದೆ. ಈ ಲೆಕ್ಕ ಮಾಡಿಕೊಟ್ಟವರು ಆಗಲೇ ಹೆಸರಿಸಿದ ಮೇಯರ್ ರೂಬಿನ್. ತೀರ ಇತ್ತೀಚಿನ ಪದರಗಳಿಗೆ ಮರದ ಉಂಗುರಗಳೇ ಸಾಕು. ಡೇವಿಡ್ ಯಾಮಗುಚಿ ಎಂಬ ಸಂಶೋಧಕರು ಬೂದಿಯಲ್ಲಿ ಅರ್ಧ ಹೂತರೂ ಬದುಕುಳಿದ ಹಳೆಯ ಮರಗಳ ಉಂಗುರ ಎಣಿಸಿದರು. 1480ರಿಂದ ಉಂಗುರಗಳು ಇದ್ದಕ್ಕಿದ್ದಂತೆ ಕಿರಿದಾಗಿದ್ದವು. ಹೀಗೆ ಒಂದು ದೊಡ್ಡ ಸ್ಫೋಟ 1479ರ ಬೆಳೆಯುವ ಕಾಲ ಮುಗಿದ ಮೇಲೆ, 1480ರದ್ದು ಶುರುವಾಗುವ ಮೊದಲು ಆಯಿತು ಎನ್ನುವಷ್ಟು ಕರಾರುವಾಕ್ಕಾಗಿ ಹೇಳಲು ಸಾಧ್ಯವಾಯಿತು.

ಬೂದಿಗೆ ಇನ್ನೊಂದು ಉಪಯೋಗವಿದೆ. ಪ್ರತಿ ಸ್ಫೋಟದ ಬೂದಿಗೂ ತನ್ನದೇ ರಾಸಾಯನಿಕ ಗುರುತು ಇರುತ್ತದೆ. ಎಲ್ಲಿ ಬಿದ್ದರೂ ಗುರುತು ಹಿಡಿಯಬಹುದು. ಸೇಂಟ್ ಹೆಲೆನ್ಸ್ ಸುಮಾರು 3,500 ವರ್ಷಗಳ ಹಿಂದೆ ಉಗುಳಿದ, ಮಲಿನೋ 'ವೈ' ಎಂದು ಹೆಸರಿಟ್ಟ ಹಳದಿ ನೊರೆಗಲ್ಲಿನ ಬೂದಿ ಕೆನಡಾದ ಆಲ್ಬರ್ಟಾವರೆಗೂ ಸಿಕ್ಕಿದೆ. ಇದೇ ವಿದ್ಯೆಗೆ ನಮ್ಮವರ ಕೈಯೂ ಸೇರಿದೆ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರದ ಟೋಬಾ ಜ್ವಾಲಾಮುಖಿ ಸಿಡಿದಾಗ ಬಿದ್ದ ಬೂದಿ ಆಂಧ್ರದ ನಂದ್ಯಾಲ ಜಿಲ್ಲೆಯ ಜ್ವಾಲಾಪುರದಲ್ಲಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ಅವರ ತಂಡ ಆ ಬೂದಿಯ ಕೆಳಗೂ ಮೇಲೂ ಶಿಲಾಯುಗದ ಉಪಕರಣಗಳನ್ನು ಕಂಡು 2007ರಲ್ಲಿ ಪ್ರಕಟಿಸಿತು.

ಉತ್ತರ ಕರ್ನಾಟಕದ ಕೇಳುಗರು, ನಾವು ಕಾಲಿಟ್ಟಿರುವುದೂ ಲಾವಾ ಮೇಲೆಯೇ ಅಲ್ಲವೇ ಎಂದು ಕೇಳಬಹುದು. ನಿಜ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯ ಕಪ್ಪುಗಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ. ಆದರೆ ಅದು ನೆಲದ ಬಿರುಕುಗಳಿಂದ ಉಕ್ಕಿ ಪದರಪದರವಾಗಿ ಹರಡಿದ ತೆಳು ಲಾವಾ, ಮತ್ತು ಅದರ ಕಥೆ ಎಂದೋ ಮುಗಿದಿದೆ. ಸೇಂಟ್ ಹೆಲೆನ್ಸ್‌ನದು ಸಿಲಿಕಾ ಹೆಚ್ಚಿರುವ ಡೇಸೈಟ್ ಎಂಬ ಜಿಗುಟು ಶಿಲಾಪಾಕ. ಒಳಗಿನ ಅನಿಲ ಸುಲಭವಾಗಿ ಹೊರಬರಲಾರದೆ ಒತ್ತಡ ಏರಿ ಒಮ್ಮೆಲೇ ಸಿಡಿಯುತ್ತದೆ.

ಇಷ್ಟೆಲ್ಲ ಕೂಡಿಸಿದಾಗ ಸೇಂಟ್ ಹೆಲೆನ್ಸ್‌ನ ಸ್ವಭಾವ ಬಯಲಿಗೆ ಬಂತು. ರೇಡಿಯೋಕಾರ್ಬನ್ ಮುಟ್ಟುವಷ್ಟು ಹಿಂದೆ, ಅಂದರೆ ಸುಮಾರು 40,000 ವರ್ಷಗಳ ನಡವಳಿಕೆಯನ್ನು ಅವರು ಬರೆದರು. ಕೆಲವು ನೂರು ವರ್ಷ ಎಚ್ಚರ, ಆಮೇಲೆ ನಿದ್ದೆ, ಮತ್ತೆ ಎಚ್ಚರ. ಕಳೆದ 4,500 ವರ್ಷಗಳಲ್ಲಿ ಅಮೆರಿಕದ ಮುಖ್ಯಭೂಮಿಯ ಬೇರೆ ಯಾವ ಜ್ವಾಲಾಮುಖಿಯೂ ಇದರಷ್ಟು ಸಲ, ಇದರಷ್ಟು ಜೋರಾಗಿ ಸಿಡಿದಿರಲಿಲ್ಲ. ನಿದ್ದೆಯ ಅವಧಿಗಳನ್ನು ನೋಡಿದರೆ 1857ರಿಂದ ನಡೆದ ನಿದ್ದೆ ಹೆಚ್ಚು ಕಾಲ ಮುಂದುವರಿಯುವ ಲಕ್ಷಣವಿರಲಿಲ್ಲ. 'ಶತಮಾನ ಮುಗಿಯುವ ಮೊದಲೇ' ಎಂಬ ಮಾತು ಬಂದದ್ದು ಇಲ್ಲಿಂದ.

ಇಂಥ ಮಾತು ಹೇಳುವುದು ಸುಖದ ಕೆಲಸವಲ್ಲ. 1974ರಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಸೆನ್ ರಾಷ್ಟ್ರೀಯ ಉದ್ಯಾನದಲ್ಲಿ ಕೇಯಾಸ್ ಕ್ರ್ಯಾಗ್ಸ್ ಎಂಬ ಶಿಖರಗಳಿಂದ ಹಿಂದೆ ಬಂಡೆಗಳು ಕುಸಿದು ಹರಡಿದ್ದನ್ನು ಇವರ ತಂಡ ವರದಿ ಮಾಡಿತು. ಉದ್ಯಾನದವರು ಅದರ ದಾರಿಯಲ್ಲಿದ್ದ ಪ್ರವಾಸಿ ಸೌಕರ್ಯಗಳನ್ನೇ ಮುಚ್ಚಿಬಿಟ್ಟರು. ಭೂವಿಜ್ಞಾನಿ ಹೇಳಿದ್ದು ನಡೆಯದೆ ಹೋದರೆ ಸುಮ್ಮನೆ ಹುಯಿಲೆಬ್ಬಿಸಿದ ಎನ್ನುತ್ತಾರೆ. ನಡೆದುಬಿಟ್ಟರೆ ಇನ್ನೂ ಗಟ್ಟಿಯಾಗಿ ಹೇಳಬಾರದಿತ್ತೇ ಎನ್ನುತ್ತಾರೆ. ಎರಡೂ ಕಡೆಯಿಂದ ಬೈಸಿಕೊಳ್ಳಲು ತಯಾರಾದವನೇ ಈ ಕೆಲಸಕ್ಕೆ ಇಳಿಯಬೇಕು.

1980ರ ಮಾರ್ಚ್ 20ರಂದು ಸೇಂಟ್ ಹೆಲೆನ್ಸ್ ಕೆಳಗೆ 4.2 ತೀವ್ರತೆಯ ಭೂಕಂಪ. ಮಾರ್ಚ್ 27ರಂದು ಶಿಖರದಿಂದ ಉಗಿ, ಬೂದಿ. ಕ್ರ್ಯಾಂಡೆಲ್, ಮಲಿನೋ ಇಬ್ಬರೂ ಅಲ್ಲಿಗೆ ಧಾವಿಸಿದರು. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಅಧಿಕಾರಿಗಳ ಕೈಯಲ್ಲಿ ಏನೂ ಇರುವುದಿಲ್ಲ. ಇಲ್ಲಿ ಅಪಾಯದ ನಕ್ಷೆ ಎರಡು ವರ್ಷ ಮೊದಲೇ ಅಚ್ಚಾಗಿ ಕೂತಿತ್ತು. ಅದರ ಆಧಾರದ ಮೇಲೆ ದಾರಿಗಳನ್ನು ಮುಚ್ಚಿದರು, ಜನರನ್ನು ಹೊರಗೆ ಕಳಿಸಿದರು. ದಕ್ಷಿಣದ ಲೂಯಿಸ್ ನದಿಗೆ ಅಡ್ಡಲಾಗಿ ಕಟ್ಟಿದ ಸ್ವಿಫ್ಟ್ ಜಲಾಶಯಕ್ಕೆ ಲಹಾರ್ ನುಗ್ಗಿದರೆ ಕಟ್ಟೆಯೇ ಅಪಾಯಕ್ಕೆ ಸಿಕ್ಕೀತು, ಮೊದಲೇ ನೀರು ಇಳಿಸಿಕೊಳ್ಳುವುದು ಒಳ್ಳೆಯದು ಎಂದು ಪುಸ್ತಿಕೆಯಲ್ಲಿ ಸೂಚಿಸಿದ್ದರು. ಹಾಗೆಯೇ ಮಟ್ಟ ಇಳಿಸಿದರು.

ಅಷ್ಟರಲ್ಲಿ ಬೆಟ್ಟದ ಉತ್ತರದ ಮಗ್ಗುಲು ಉಬ್ಬತೊಡಗಿತು. ದಿನಕ್ಕೆ ಸುಮಾರು ಒಂದೂವರೆ ಮೀಟರಿನಷ್ಟು ಹೊರಕ್ಕೆ. ಒಳಗೆ ಶಿಲಾಪಾಕ ಏರುತ್ತಿತ್ತು. ಈ ಮಗ್ಗುಲು ಕುಸಿಯಬಹುದೆಂದು ಬ್ಯಾರಿ ವಾಯ್ಟ್ ಎಂಬ ತಜ್ಞರು ಎಚ್ಚರಿಸಿದರು. ದಿನಗಳು ಕಳೆದಂತೆ ಅಲ್ಲಿ ಮನೆಯಿದ್ದವರ ತಾಳ್ಮೆ ತಪ್ಪಿತು. ಮೇ 17ರಂದು ಒತ್ತಾಯಕ್ಕೆ ಮಣಿದು ಪೊಲೀಸ್ ಕಾವಲಿನಲ್ಲಿ ಕೆಲವರನ್ನು ಸಾಮಾನು ತರಲು ಒಳಗೆ ಬಿಟ್ಟರು. ಇನ್ನೊಂದು ತಂಡ ಮರುದಿನ ಬೆಳಗ್ಗೆ ಹತ್ತಕ್ಕೆ ಹೋಗುವುದೆಂದು ಗೊತ್ತಾಗಿತ್ತು.

ಮರುದಿನ ಭಾನುವಾರ. ಬೆಳಗ್ಗೆ 8 ಗಂಟೆ 32 ನಿಮಿಷಕ್ಕೆ 5.1 ತೀವ್ರತೆಯ ಭೂಕಂಪ. ಉಬ್ಬಿದ ಮಗ್ಗುಲು ಪೂರ್ತಿ ಜಾರಿತು. ಮನುಷ್ಯ ದಾಖಲಿಸಿದ ಭೂಕುಸಿತಗಳಲ್ಲೆಲ್ಲ ದೊಡ್ಡದು. ಮೇಲಿನ ಭಾರ ಕಳಚಿದ್ದೇ ತಡ, ಒಳಗಿನ ಒತ್ತಡ ಮೇಲಕ್ಕಲ್ಲ, ಅಡ್ಡಕ್ಕೆ ಸಿಡಿಯಿತು. ಸುಮಾರು 600 ಚದರ ಕಿಲೋಮೀಟರ್ ಕಾಡು ನಿಮಿಷಗಳಲ್ಲಿ ನೆಲಕಚ್ಚಿತು. ಸತ್ತವರು 57 ಜನ. ಸುಮಾರು 10 ಕಿಲೋಮೀಟರ್ ದೂರದ ದಿಣ್ಣೆಯಿಂದ ಬೆಟ್ಟವನ್ನು ಅಳೆಯುತ್ತಿದ್ದ 30ರ ಹರೆಯದ ಡೇವಿಡ್ ಜಾನ್‌ಸ್ಟನ್ ಅವರಲ್ಲೊಬ್ಬರು. ಸ್ಪಿರಿಟ್ ಲೇಕ್ ದಂಡೆಯ ತನ್ನ ವಸತಿಗೃಹ ಬಿಟ್ಟು ಬರಲೊಪ್ಪದ ಮುದುಕ ಹ್ಯಾರಿ ಟ್ರೂಮನ್ ಇನ್ನೊಬ್ಬ. ಬೆಟ್ಟ 2,950 ಮೀಟರಿನಿಂದ 2,549 ಮೀಟರಿಗೆ ಇಳಿಯಿತು.

ಹಳೆಯ ಚರಿತ್ರೆ ಎಷ್ಟು ನಿಜವಾಯಿತು? ನಕ್ಷೆ ತೋರಿಸಿದ ಕಣಿವೆಗಳಲ್ಲೇ ಲಹಾರ್ ಹರಿಯಿತು. ಹೇಳಿದ ಹಾಗೆ ಗಾಳಿ ಬೂದಿಯನ್ನು ಪೂರ್ವಕ್ಕೆ ಒಯ್ದು ಯಾಕಿಮಾ ಊರಲ್ಲಿ ಹಾಡಹಗಲೇ ಕತ್ತಲಾಯಿತು. ಸ್ವಿಫ್ಟ್ ಜಲಾಶಯ ತನ್ನೊಳಗೆ ಬಂದ ಕೆಸರನ್ನೆಲ್ಲ ನುಂಗಿಕೊಂಡಿತು, ಕೆಳಗಿನವರಿಗೆ ಏನೂ ಆಗಲಿಲ್ಲ. ಲೆಕ್ಕ ತಪ್ಪಿದ್ದು ಒಂದು ಕಡೆ, ಆ ಅಡ್ಡಸಿಡಿತದಲ್ಲಿ. ಸುಮಾರು 1,200 ವರ್ಷಗಳ ಹಿಂದೆ ಇದೇ ಬೆಟ್ಟದಲ್ಲಿ ಅಂಥದೊಂದು ಆಗಿತ್ತು, ಆದರೆ ತೀರ ಚಿಕ್ಕದು. ಇಷ್ಟು ದೊಡ್ಡದರ ಗುರುತು ಈ ಬೆಟ್ಟದ ಮಣ್ಣಿನಲ್ಲಿ ಇರಲಿಲ್ಲ. ರಷ್ಯಾದ ಕಮ್ಚಾಟ್ಕಾದಲ್ಲಿ 1956ರಲ್ಲಿ ಬೆಜಿಮಿಯಾನಿ ಎಂಬ ಜ್ವಾಲಾಮುಖಿ ಹೀಗೇ ಅಡ್ಡಕ್ಕೆ ಸಿಡಿದಿತ್ತು. ಒಂದು ಬೆಟ್ಟದ ಹಿಂದಿನ ನಡತೆ ಅದು ಏನು ಮಾಡಬಲ್ಲದೆಂದು ಹೇಳುತ್ತದೆ. ಇಷ್ಟೇ ಮಾಡುತ್ತದೆ ಎಂದು ಹೇಳುವುದಿಲ್ಲ. ಸತ್ತವರಲ್ಲಿ ಬಹುಪಾಲು ಜನ ನಿಷೇಧಿತ ವಲಯದ ಹೊರಗಿದ್ದವರು. ಕೆಲಸದ ದಿನವಾಗಿದ್ದರೆ ಮರ ಕಡಿಯುವ ನೂರಾರು ಕಾರ್ಮಿಕರು ಆ ಕಾಡಿನಲ್ಲಿರುತ್ತಿದ್ದರು.

ಹೊಸ ಪಾಠ ಕಲಿತ ಕಣ್ಣಿಗೆ ಹಳೆಯ ಒಗಟೊಂದು ಬಿಡಿಸಿಕೊಂಡಿತು. ಕ್ಯಾಲಿಫೋರ್ನಿಯಾದ ಶಾಸ್ತಾ ಬೆಟ್ಟದ ಉತ್ತರಕ್ಕೆ ಕಣಿವೆ ತುಂಬ ನೂರಾರು ಗುಡ್ಡೆಗಳು ಚೆಲ್ಲಿಕೊಂಡಿವೆ. ಅವು ಅಲ್ಲಿಗೆ ಹೇಗೆ ಬಂದವೆಂದು ಯಾರಿಗೂ ಸರಿಯಾಗಿ ಹೇಳಲಾಗಿರಲಿಲ್ಲ. ಸೇಂಟ್ ಹೆಲೆನ್ಸ್ ಕುಸಿದು ಬಿದ್ದ ಜಾಗದಲ್ಲೂ ಅಂಥವೇ ಗುಡ್ಡೆಗಳು ಕಂಡವು. 1984ರಲ್ಲಿ ಕ್ರ್ಯಾಂಡೆಲ್ ಮತ್ತು ಸಂಗಡಿಗರು, ಶಾಸ್ತಾದ ಪೂರ್ವಜ ಬೆಟ್ಟವೊಂದು ಮೂರು ಲಕ್ಷಕ್ಕೂ ಹೆಚ್ಚು ವರ್ಷಗಳ ಹಿಂದೆ ಕುಸಿದು ಬಿಟ್ಟ ಅವಶೇಷ ಇದು ಎಂದು ತೋರಿಸಿದರು. ಆ ತಂಡದಲ್ಲಿದ್ದ ಹ್ಯಾರಿ ಗ್ಲಿಕನ್ ಸ್ಫೋಟದ ಹಿಂದಿನ ಸಂಜೆಯವರೆಗೆ ಜಾನ್‌ಸ್ಟನ್ ಸತ್ತ ಅದೇ ದಿಣ್ಣೆಯಲ್ಲಿದ್ದವರು. 1991ರಲ್ಲಿ ಜಪಾನಿನ ಉನ್ಜೆನ್ ಜ್ವಾಲಾಮುಖಿ ಅವರನ್ನು ಬಲಿ ತೆಗೆದುಕೊಂಡಿತು.

ಈ ವಿದ್ಯೆ ಇದ್ದರೂ ಸಾಲದು ಎಂಬುದಕ್ಕೆ 1985ರ ನವೆಂಬರ್ 13ರ ರಾತ್ರಿ ಸಾಕ್ಷಿ. ಕೊಲಂಬಿಯಾದ ನೆವಾಡೊ ದೆಲ್ ರೂಯಿಸ್ ಸಿಡಿದು, ಅದರ ಹಿಮ ಕರಗಿ, ಲಹಾರ್ ಇಳಿದು ಆರ್ಮೆರೊ ಪಟ್ಟಣವನ್ನು ಮುಚ್ಚಿತು. ಸುಮಾರು 23,000 ಜನ ಸತ್ತರು. ಆ ಪಟ್ಟಣ 1845ರ ಲಹಾರ್ ಮೇಲೆಯೇ ಕಟ್ಟಿದ್ದು. ಅಪಾಯದ ನಕ್ಷೆ ಹಿಂದಿನ ತಿಂಗಳೇ ತಯಾರಾಗಿತ್ತು. ಕೆಸರು ಊರು ತಲುಪಲು ಎರಡು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಎತ್ತರಕ್ಕೆ ನಡೆದುಹೋಗಲು ಅಷ್ಟು ಹೊತ್ತು ಬೇಕಾದಷ್ಟಾಯಿತು. ಹೋಗಿ ಎಂದು ಹೊತ್ತಿಗೆ ಸರಿಯಾಗಿ ಹೇಳಿದವರಿರಲಿಲ್ಲ.

ಆರು ವರ್ಷಗಳ ನಂತರ ಫಿಲಿಪ್ಪೀನ್ಸ್‌ನಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. ಪಿನಾಟುಬೊ ಬೆಟ್ಟ ಗುಡುಗತೊಡಗಿದಾಗ ಅಲ್ಲಿಯ ವಿಜ್ಞಾನಿಗಳೂ ಅಮೆರಿಕದ ಭೂವಿಜ್ಞಾನಿಗಳೂ ಸೇರಿ ವಾರಗಳಲ್ಲೇ ಅದರ ಹಳೆಯ ಪದರಗಳನ್ನು ನೋಡಿ, ಇದ್ದಿಲಿನ ಕಾಲ ಅಳೆದು, ಇದು ಸಿಡಿದರೆ ದೊಡ್ಡದಾಗಿಯೇ ಸಿಡಿಯುತ್ತದೆ ಎಂದು ತೀರ್ಮಾನಿಸಿದರು. ಅಮೆರಿಕದ ತಂಡದ ಕ್ರಿಸ್ ನ್ಯೂಹಾಲ್, ಶಾಸ್ತಾ ಒಗಟು ಬಿಡಿಸಿದ ಪ್ರಬಂಧದಲ್ಲಿ ಕ್ರ್ಯಾಂಡೆಲ್ ಅವರ ಜೊತೆಗಾರರು. 1991ರ ಜೂನ್ 15ರ ಮಹಾಸ್ಫೋಟಕ್ಕೆ ಮೊದಲೇ ಹತ್ತಾರು ಸಾವಿರ ಜನರನ್ನು ತೆರವು ಮಾಡಿಸಿದ್ದರು. ಕಡಿಮೆಯೆಂದರೂ 5,000 ಜೀವ ಉಳಿದವೆಂದು ಅಂದಾಜು.

ಕ್ರ್ಯಾಂಡೆಲ್ ಸೇಂಟ್ ಹೆಲೆನ್ಸ್‌ನ ಹಳೆಯ ಪ್ರವಾಹಗಳ ಪೂರ್ಣ ವಿವರವನ್ನು 1987ರಲ್ಲಿ ಪ್ರಕಟಿಸಿದರು. ಮಲಿನೋ ಅವರ ಬೂದಿಪದರಗಳ ಗ್ರಂಥ ಬಂದದ್ದು 1996ರಲ್ಲಿ. ಅವರು 40,000 ವರ್ಷ ಎಂದು ನಿಲ್ಲಿಸಿದ್ದ ಚರಿತ್ರೆಯನ್ನು, ಹರಳುಗಳೊಳಗಿನ ವಿಕಿರಣ ಧಾತುಗಳನ್ನು ಅಳೆಯಬಲ್ಲ ಮುಂದಿನ ತಲೆಮಾರು ಸುಮಾರು 3 ಲಕ್ಷ ವರ್ಷಕ್ಕೆ ವಿಸ್ತರಿಸಿತು. ಕ್ರ್ಯಾಂಡೆಲ್ 2009ರಲ್ಲಿ ತೀರಿಕೊಂಡರು.

ಅವರ ಕೆಲಸದಲ್ಲಿ ಬಹುಪಾಲು ನಡೆದದ್ದು ಯಾವ ಬೆಟ್ಟವೂ ಹೊಗೆಯಾಡದ ವರ್ಷಗಳಲ್ಲಿ. ಆಗ ಅದಕ್ಕೆ ಸುದ್ದಿಯ ಬೆಲೆ ಇರಲಿಲ್ಲ, ಸಂಬಳ ಕೊಟ್ಟ ಸರ್ಕಾರಕ್ಕೆ ಕೂಡಲೇ ಸಿಕ್ಕ ಲಾಭವೂ ಇರಲಿಲ್ಲ. ಭೂಕಂಪ ಶುರುವಾದ ಮೇಲೆ ಮಾಡಲು ಹೊರಟಿದ್ದರೆ ಎರಡು ತಿಂಗಳಲ್ಲಿ ಆ ನಕ್ಷೆ ಮುಗಿಯುತ್ತಿರಲಿಲ್ಲ. ಅಪಾಯವನ್ನು ಅಳೆಯುವ ಇಂಥ ಕೆಲಸಕ್ಕೆ ಶಾಂತಿಯ ದಿನಗಳಲ್ಲಿ ಹಣ ಕೊಡುವುದು ದುಂದಲ್ಲ, ಕೊಡದಿರುವುದೇ ದುಬಾರಿ.

ಇಂದು ಆರ್ಟಿಂಗ್ ಕಣಿವೆಯಲ್ಲಿ ನೆಲದ ಕಂಪನ ಹಿಡಿದು ಲಹಾರ್ ಬರುವುದನ್ನು ತಿಳಿಸುವ ಯಂತ್ರಗಳಿವೆ, ಊರಲ್ಲಿ ಸೈರನ್ ಇವೆ. ಅಲ್ಲಿಯ ಶಾಲಾ ಮಕ್ಕಳು ಸೈರನ್ ಕೂಗಿದರೆ ಯಾವ ದಾರಿಯಲ್ಲಿ ಎತ್ತರದ ನೆಲಕ್ಕೆ ನಡೆಯಬೇಕೆಂದು ಸಾಲಾಗಿ ನಡೆದು ಅಭ್ಯಾಸ ಮಾಡುತ್ತಾರೆ. ಆ ಮಕ್ಕಳಲ್ಲಿ ಕ್ರ್ಯಾಂಡೆಲ್ ಎಂಬ ಹೆಸರು ಕೇಳಿದವರು ಬಹುಶಃ ಕಡಿಮೆ. ಅವರು ಹೋಗಬೇಕಾದ ದಾರಿ ಮಾತ್ರ ಅವರಿಗೆ ಬಾಯಿಪಾಠವಾಗಿದೆ.